ತೇಲುವ ತಂಗಳು ಪೆಟ್ಟಿಗೆ

ಮನೆಯ ಫ್ರಿಜ್ ರಾತ್ರಿಯಿಡೀ ಗುಂಯ್‌ಗುಟ್ಟಿದರೂ ಯಾರೂ ಕಿವಿಗೊಡುವುದಿಲ್ಲ. ದೋಣಿಯಲ್ಲಿ ಮಲಗಿದವರಿಗೆ ಅದೇ ಸದ್ದು ನಿದ್ದೆಗೆಡಿಸುತ್ತದೆ. ತಂಪು ಮಾಡುವ ಗ್ಯಾಸನ್ನು ಒತ್ತುವ ಯಂತ್ರ, ಅಂದರೆ ಕಂಪ್ರೆಸರ್, ಓಡಿದಷ್ಟು ಹೊತ್ತೂ ಬ್ಯಾಟರಿ ಇಳಿಯುತ್ತಿರುತ್ತದೆ. ದೀಪ, ರೇಡಿಯೊ, ನೀರೆತ್ತುವ ಪಂಪು ಎಲ್ಲಕ್ಕೂ ಇರುವುದು ಅದೊಂದೇ ಬ್ಯಾಟರಿ.

ದೋಣಿಗೆ ಫ್ರಿಜ್ ಹಾಕಿಸಲು ಹೊರಟವರು ಯಾವ ಕಂಪ್ರೆಸರ್ ಒಳ್ಳೆಯದು ಎಂದು ಕೇಳುತ್ತಾರೆ. ಪೆಟ್ಟಿಗೆಯ ಗೋಡೆ ಎಷ್ಟು ದಪ್ಪ ಎಂದು ಮೊದಲು ಕೇಳಬೇಕಿತ್ತು.

ಫ್ರಿಜ್ ಮಾಡುವುದು ಒಂದೇ ಕೆಲಸ: ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುವುದು. ತೂತುಬಿದ್ದ ದೋಣಿಯಿಂದ ನೀರು ಮೊಗೆದು ಆಚೆ ಚೆಲ್ಲಿದ ಹಾಗೆ. ಮೊಗೆಯಲು ದೊಡ್ಡ ಪಾತ್ರೆ ಹುಡುಕುವ ಮೊದಲು ತೂತು ಮುಚ್ಚಬೇಕಲ್ಲವೆ? ಸುಮಾರು 2 ಚದರ ಮೀಟರ್ ಮೈಯ ಪೆಟ್ಟಿಗೆ, ಹೊರಗೆ 32 ಡಿಗ್ರಿ, ಒಳಗೆ 4 ಡಿಗ್ರಿ ಎಂದಿಟ್ಟುಕೊಳ್ಳಿ. ಶಾಖ ತಡೆಯಲು ಗೋಡೆಯೊಳಗೆ ತುಂಬುವ ಪಾಲಿಯುರೆಥೇನ್ ಫೋಮ್ 5 ಸೆಂ.ಮೀ. ದಪ್ಪವಿದ್ದರೆ ಗೋಡೆಯ ಮೂಲಕ ಹಗಲಿರುಳೂ ಸುಮಾರು 26 ವ್ಯಾಟ್ ಶಾಖ ಒಳನುಗ್ಗುತ್ತದೆ. 10 ಸೆಂ.ಮೀ. ಮಾಡಿದರೆ 13 ವ್ಯಾಟ್. ಅದೇ ಪೆಟ್ಟಿಗೆಯನ್ನು ಮೈನಸ್ 18 ಡಿಗ್ರಿಯ ಫ್ರೀಜರ್ ಮಾಡಿದಿರೋ, ಮತ್ತೆ 23ಕ್ಕೆ ಏರುತ್ತದೆ. ಸಾಲದ್ದಕ್ಕೆ, ಅಷ್ಟು ತಣ್ಣಗಿನ ಜಾಗದಿಂದ ಶಾಖ ಎತ್ತುವುದು ಆಳದ ಬಾವಿಯಿಂದ ನೀರು ಸೇದಿದಂತೆ. ಪ್ರತಿ ಕೊಡಕ್ಕೂ ಶ್ರಮ ಹೆಚ್ಚು. ಫ್ರೀಜರ್‌ಗೆ 15 ಸೆಂ.ಮೀ. ಫೋಮ್ ಬೇಕೆನ್ನುವುದು ಅದಕ್ಕೇ.

ಫೋಮಿಗೆ ನೀರೇ ಶತ್ರು. ನೀರು ಫೋಮಿಗಿಂತ 25 ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಬಿರುಕಿನಲ್ಲಿ ತೇವ ಇಳಿದು ವರ್ಷಗಟ್ಟಲೆ ನೆನೆದ ಗೋಡೆ ಹೊರಗಿನಿಂದ ನೋಡಲು ಹೊಸದರಂತೆಯೇ ಇರುತ್ತದೆ. ಕಂಪ್ರೆಸರ್ ಮಾತ್ರ ನಿಲ್ಲುವುದೇ ಇಲ್ಲ.

ಮುಚ್ಚಳ ತೆರೆದರೆ ತಂಪೆಲ್ಲ ಹೋಯಿತು ಎಂದು ಮಕ್ಕಳನ್ನು ಗದರುವವರಿಗೆ ಒಂದು ಲೆಕ್ಕ. 100 ಲೀಟರ್ ಗಾಳಿಯ ತೂಕ ಬರೀ 120 ಗ್ರಾಂ. ಅದನ್ನು ಮತ್ತೆ ತಣಿಸಲು 1 ವ್ಯಾಟ್-ಅವರ್ (ಒಂದು ವ್ಯಾಟಿನಂತೆ ಒಂದು ಗಂಟೆ) ಶಾಖ ತೆಗೆದರೆ ಸಾಕು. ಗಾಳಿಯ ತೇವ ಹನಿಗಟ್ಟುವುದಕ್ಕೆ ಅದರ ಒಂದೂವರೆ ಪಟ್ಟು ಸೇರಿಸಿಕೊಳ್ಳಿ. ಆದರೆ 30 ಡಿಗ್ರಿಯ ಒಂದು ಲೀಟರ್ ನೀರನ್ನು 4 ಡಿಗ್ರಿಗೆ ಇಳಿಸಲು 30 ವ್ಯಾಟ್-ಅವರ್ ಶಾಖ ತೆಗೆಯಬೇಕು. ಸೊನ್ನೆ ಡಿಗ್ರಿಯ ನೀರು ಮಂಜುಗಡ್ಡೆಯಾಗಲು ಇನ್ನೂ 93! ಗದರುವುದಾದರೆ ಬೆಚ್ಚಗಿನ ಬಾಟಲಿ ತಂದಿಟ್ಟವರನ್ನು ಗದರಿ.

ಮುಚ್ಚಳ ಮೇಲಕ್ಕೆ ತೆರೆಯುವ ಪೆಟ್ಟಿಗೆಯಲ್ಲಿ ಭಾರವಾದ ತಂಪು ಗಾಳಿ ಬಾವಿಯ ನೀರಿನಂತೆ ತಳದಲ್ಲೇ ನಿಲ್ಲುತ್ತದೆ. ತಳದಲ್ಲಿ ನೀರು ಬಸಿಯುವ ತೂತಿದ್ದರೆ ಮಾತ್ರ ಅಲ್ಲಿಂದಲೇ ಸದ್ದಿಲ್ಲದೆ ಸೋರುತ್ತದೆ. ಪೈಪಿಗೆ ಒಂದು ಬಾಗು ಕೊಟ್ಟು, ಅದರಲ್ಲಿ ಸ್ವಲ್ಪ ನೀರು ನಿಲ್ಲುವಂತೆ ಮಾಡಿದರಾಯಿತು. ಮುಚ್ಚಳದ ರಬ್ಬರನ್ನು ಪರೀಕ್ಷಿಸಲು ಕಾಗದದ ಚೂರು ಸಾಕು. ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದರೆ ಆ ಕಡೆ ಸಂದಿದೆ ಎಂದರ್ಥ.

ಎತ್ತಿದ ಶಾಖಕ್ಕೆ ಹೊರದಾರಿಯೂ ಬೇಕು. ಕಂಪ್ರೆಸರನ್ನು ಗಾಳಿಯಾಡದ ಕಪಾಟಿಗೆ ತುರುಕಿದರೆ ತಾನು ಉಗುಳಿದ ಬಿಸಿಯಲ್ಲೇ ಬೇಯುತ್ತದೆ. ಕೆಳಗೊಂದು, ಮೇಲೊಂದು ಕಿಂಡಿ ಇರಲಿ.

ಇನ್ನು ವೈರು. ಸ್ವಿಚ್ ಹಾಕುತ್ತೀರಿ, ಫ್ಯಾನು ತಿರುಗುತ್ತದೆ, ಕಂಪ್ರೆಸರ್ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ನಿಮಿಷದ ಮೇಲೆ ಮತ್ತದೇ. ಗ್ಯಾಸ್ ಸೋರಿದೆ ಎಂದು ರಿಪೇರಿಯವರನ್ನು ಕರೆಯುವ ಮುನ್ನ ವೋಲ್ಟ್ ಅಳೆಯುವ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗಲ್ಲ, ಕಂಪ್ರೆಸರಿನ ತುದಿಗೆ ಮುಟ್ಟಿಸಿ ನೋಡಿ. 5 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರಿನಲ್ಲಿ 5 ಆಂಪಿಯರ್ ಹರಿದರೆ, ಹೋಗಿ ಬರುವ ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ಕರಗುತ್ತದೆ. ಶುರುವಾಗುವ ಗಳಿಗೆಯಲ್ಲಿ ಇನ್ನೂ ಹೆಚ್ಚು. ಇರುವುದೇ 12 ವೋಲ್ಟ್. ಬ್ಯಾಟರಿ ಬರಿದಾಗುತ್ತಿದೆ ಎಂದು ಭಾವಿಸಿ ಒಳಗಿನ ಎಲೆಕ್ಟ್ರಾನಿಕ್ ಕಾವಲುಗಾರ ಬಾಗಿಲು ಹಾಕಿಬಿಡುತ್ತಾನೆ. 6 ಚದರ ಮಿ.ಮೀ. ವೈರು ಎಳೆದರೆ ನಷ್ಟ ಕಾಲು ಭಾಗಕ್ಕಿಳಿಯುತ್ತದೆ, ಅದೇ ಕಂಪ್ರೆಸರ್ ಮರುಮಾತಿಲ್ಲದೆ ಓಡುತ್ತದೆ.