ಕೈರಲ್ ಗ್ರಾವಿಟಾನ್ ಮೋಡ್: ಸಿಕ್ಕಿದ್ದು ಏನು, ಸಿಗದಿದ್ದು ಏನು

2024ರ ಮಾರ್ಚ್‌ನಲ್ಲಿ ನಾನ್‌ಜಿಂಗ್ ವಿಶ್ವವಿದ್ಯಾಲಯದವರು ಮುಂದಾಳಾಗಿದ್ದ ತಂಡ ಕೈರಲ್ ಗ್ರಾವಿಟಾನ್ ಮೋಡ್ ಕುರಿತು ಬರೆದ ಪ್ರಬಂಧ 'ನೇಚರ್' ಪತ್ರಿಕೆಯಲ್ಲಿ ಬಂತು. ಮೋಡ್ ಎಂದರೆ ಕಣಗಳ ಗುಂಪು ಒಟ್ಟಾಗಿ ಅಲುಗುವ ಒಂದು ರೀತಿ; ಗ್ರಾವಿಟಾನ್ ಎಂದರೆ ಗುರುತ್ವವನ್ನು ಹೊತ್ತೊಯ್ಯುತ್ತದೆಂದು ಸಿದ್ಧಾಂತ ಹೇಳುವ, ಇನ್ನೂ ಯಾರೂ ಕಾಣದ ಕಣ. ಅಂದಿನಿಂದ 'ಗ್ರಾವಿಟಾನ್ ಕೊನೆಗೂ ಸಿಕ್ಕಿತು' ಎಂಬ ಸಾಲು ಓಡಾಡುತ್ತಲೇ ಇದೆ. ಸಿಕ್ಕಿಲ್ಲ. ಗುರುತ್ವಕ್ಕೂ ಆ ಪ್ರಯೋಗಕ್ಕೂ ನಂಟಿಲ್ಲ. ಅಲ್ಲಿದ್ದದ್ದು ಗ್ಯಾಲಿಯಂ ಆರ್ಸೆನೈಡ್‌ನ ತೆಳು ಪದರದಲ್ಲಿ ಸೆರೆಯಾದ ಎಲೆಕ್ಟ್ರಾನುಗಳು, ಪ್ರಬಲ ಕಾಂತಕ್ಷೇತ್ರ, ಒಂದು ಲೇಸರ್.

ಹಾಗಾದರೆ ಆ ಹೆಸರೇಕೆ? ತೆಳು ಪದರದ ಎಲೆಕ್ಟ್ರಾನುಗಳು ಕಡುಚಳಿಯಲ್ಲಿ, ಪ್ರಬಲ ಕಾಂತಕ್ಷೇತ್ರದಲ್ಲಿ ಒಗ್ಗೂಡಿ ಆಗುವ ಸ್ಥಿತಿಗೆ ಫ್ರಾಕ್ಷನಲ್ ಕ್ವಾಂಟಮ್ ಹಾಲ್ ದ್ರವ ಎಂದು ಹೆಸರು. ಅದರಲ್ಲಿ ಪ್ರತಿ ಎಲೆಕ್ಟ್ರಾನೂ ಉಳಿದವನ್ನು ದೂರವಿಟ್ಟು ತನ್ನ ಸುತ್ತ ದುಂಡನೆಯ ಜಾಗ ಕಾಯ್ದುಕೊಳ್ಳುತ್ತದೆ. ಆ ದುಂಡು ಮೊಟ್ಟೆಯಾಕಾರಕ್ಕೆ ಎಳೆದುಕೊಂಡು ತಿರುಗುವುದೇ ಈ ಮೋಡ್. ಈ ಆಕಾರವನ್ನು ದ್ರವದ ಒಳಗಿನ 'ಮೆಟ್ರಿಕ್' (ದೂರ ಅಳೆಯುವ ಜ್ಯಾಮಿತಿ) ಆಗಿ 2011ರಲ್ಲಿ ವಿವರಿಸಿದವರು ಭೌತವಿಜ್ಞಾನಿ ಹಾಲ್ಡೇನ್. ಮೊಟ್ಟೆಯಾಕಾರ ಅರ್ಧ ಸುತ್ತಿಗೇ ಮೊದಲಿನಂತೆ ಕಾಣುತ್ತದೆ, ಹಾಗಾಗಿ ಸ್ಪಿನ್ (ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಅಳತೆ) 2. ಗುರುತ್ವದ ಗ್ರಾವಿಟಾನ್‌ಗೆ ಸಿದ್ಧಾಂತ ಹೇಳುವ ಸ್ಪಿನ್ನೂ 2. ಹೋಲಿಕೆ ಅಲ್ಲಿಗೇ ಮುಗಿಯಿತು. ಗುರುತ್ವದ ಗ್ರಾವಿಟಾನ್‌ಗೆ ದ್ರವ್ಯರಾಶಿ ಇಲ್ಲ, ಅದು ಎಡಕ್ಕೂ ಬಲಕ್ಕೂ ತಿರುಗಬಲ್ಲದು. ದ್ರವದ ಈ ಮೋಡನ್ನು ಎಬ್ಬಿಸಲು ಸುಮಾರು 1 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು, ತಿರುಗುವುದೂ ಒಂದೇ ಕಡೆಗೆ. ಹೀಗೆ ಒಂದೇ ಕಡೆಗೆ ತಿರುಗುವುದಕ್ಕೇ 'ಕೈರಲ್' ಎನ್ನುವುದು, ಅದನ್ನು ಕೈಬಿಟ್ಟು ಬರೆದರೆ ಇಡೀ ಪ್ರಯೋಗವನ್ನೇ ಕೈಬಿಟ್ಟಂತೆ. ಬೆಳಕು ಚದುರಿಸಿ 1/3 ಸ್ಥಿತಿಯ (ಎಲೆಕ್ಟ್ರಾನುಗಳು ಕಾಂತಕ್ಷೇತ್ರ ಒದಗಿಸುವ ಜಾಗದಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿದ ದ್ರವ) ಉದ್ರೇಕವನ್ನು ಬೆಲ್ ಲ್ಯಾಬ್ಸ್‌ನಲ್ಲಿ ಪಿಂಚುಕ್ ತಂಡ 1993ರಲ್ಲೇ ಕಂಡಿತ್ತು. ಹೊಸತಾಗಿ ಸಿಕ್ಕಿದ್ದು ತಿರುಗುವ ದಿಕ್ಕು.

ಇದನ್ನೇ ಮ್ಯಾಗ್ನೆಟೊರೋಟಾನ್ ಎನ್ನುವವರೂ ಇದ್ದಾರೆ. ಅದೂ ಇದೇ ದ್ರವದ ಅಲೆ: ಉದ್ರೇಕದ ಕವಲು ಒಂದೇ, ತುದಿ ಬೇರೆ. ಉದ್ದನೆಯ ಅಲೆಗಳ ತುದಿ ಗ್ರಾವಿಟಾನ್, ಗಿಡ್ಡ ಅಲೆಗಳ ಕಡೆ ಶಕ್ತಿ ತಗ್ಗುವಲ್ಲಿ ರೋಟಾನ್. 10 ಟೆಸ್ಲಾದಲ್ಲಿ ಕಾಂತೀಯ ಉದ್ದ (ಈ ದ್ರವದ ಸಹಜ ಅಳತೆಗೋಲು) ಸುಮಾರು 8 ನ್ಯಾನೋಮೀಟರ್, ಲೇಸರಿನ ತರಂಗಾಂತರ 800ರ ಆಸುಪಾಸು. ಇಷ್ಟು ಉದ್ದದ ಅಲೆ ನೇರವಾಗಿ ಮುಟ್ಟುವುದು ಗ್ರಾವಿಟಾನ್ ತುದಿಯನ್ನು. ರೋಟಾನ್ ತಗ್ಗು ಇನ್ನೂ ಕಿರಿದಾದ ತರಂಗಾಂತರದಲ್ಲಿದೆ, ಪ್ರಯೋಗದ ಹರಳಿನಲ್ಲಿನ ದೋಷಗಳು ಸಂವೇಗದ ನಿಯಮವನ್ನು ಸಡಿಲಿಸಿದಾಗ ಮಾತ್ರ ಕಾಣುತ್ತದೆ.

ಅಳೆಯುವಾಗ ವೃತ್ತೀಯ ಧ್ರುವೀಕರಣದ (ಎಡಕ್ಕೋ ಬಲಕ್ಕೋ ಸುತ್ತುವ) ಬೆಳಕು ಬಿಟ್ಟು, ಅದಕ್ಕೆ ಎದುರು ದಿಕ್ಕಿಗೆ ಸುತ್ತುವ ಬೆಳಕಾಗಿ ಮರಳಿದ್ದನ್ನು ಹಿಡಿಯಬೇಕು. ಕೋನೀಯ ಸಂವೇಗದ ವ್ಯತ್ಯಾಸ 2. 1/3ರಲ್ಲಿ ಬಿಟ್ಟ ಬೆಳಕು-ಮರಳಿದ ಬೆಳಕಿನ ಒಂದು ಜೋಡಿಯಲ್ಲಿ ಸಂಕೇತದ ಶಿಖರ ಏಳುತ್ತದೆ, 2/3ರಲ್ಲಿ ಅದರ ವಿರುದ್ಧ ಜೋಡಿಯಲ್ಲಿ. ಕ್ರಯೋಸ್ಟಾಟ್‌ನ (ಕಡುಚಳಿಯ ಪಾತ್ರೆಯ) ಕಿಟಕಿಗಾಜು ತಣ್ಣಗಾಗಿ ಬಿಗಿದುಕೊಂಡರೆ ಧ್ರುವೀಕರಣ ಕಲಬೆರಕೆಯಾಗಿ ಎರಡು ಜೋಡಿಗಳಲ್ಲೂ ಶಿಖರ ಇಣುಕುತ್ತದೆ. ಲೇಸರನ್ನು ಬ್ಯಾಂಡ್ ಅಂತರದ (ಅರೆವಾಹಕ ಬೆಳಕು ಹೀರಲು ಬೇಕಾದ ಶಕ್ತಿಯ) ಅನುರಣನಕ್ಕೆ ಹೊಂದಿಸದಿದ್ದರೆ ಸಂಕೇತವೇ ಇಲ್ಲ. ಹೊಂದಿಸಿದರೆ ಪಕ್ಕದಲ್ಲೇ ಲ್ಯೂಮಿನೆಸೆನ್ಸ್ (ಬೆಳಕು ಹೀರಿದ ಪದರ ತಾನೇ ಹೊರಸೂಸುವ ಬೆಳಕು) ಬಂದು ಕೂರುತ್ತದೆ. ಲೇಸರಿನ ಶಕ್ತಿಯನ್ನು ತುಸು ಬದಲಿಸಿ ನೋಡಿ: ಲೇಸರಿನ ಜೊತೆ ಸರಿದದ್ದು ಚದುರಿದ ಬೆಳಕು, ಕದಲದೆ ನಿಂತದ್ದು ಲ್ಯೂಮಿನೆಸೆನ್ಸ್. ಬೆಳಕಿನ ತೀವ್ರತೆ ಏರಿಸಿ ಶಿಖರ ಎತ್ತರಿಸುವ ಆಸೆ ಬೇಡ, ಎಲೆಕ್ಟ್ರಾನುಗಳು ಬಿಸಿಯಾಗಿ ದ್ರವವೇ ಕರಗಿಹೋಗುತ್ತದೆ.