ಡ್ರಾಯಿಂಗ್ ಮುಗಿಯುವ ಮೊದಲೇ ಕಾಂಕ್ರೀಟ್ ಹಾಕಿದರೆ

ರಾತ್ರಿ ಎರಡು ಗಂಟೆ. ಒಂದು ದಪ್ಪ ಗೋಡೆಗೆ ಕಾಂಕ್ರೀಟ್ ಹಾಕಲು ಎಲ್ಲ ಸಿದ್ಧವಾಗಿತ್ತು. ಪಂಪ್ ಬಂದು ನಿಂತಿತ್ತು. ಪೋರ್ ಕಾರ್ಡ್‌ಗೆ, ಅಂದರೆ ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಚೀಟಿಗೆ, ಕೊನೆಯ ಸಹಿ ಬಿದ್ದರೆ ಮಿಕ್ಸರ್ ಲಾರಿಗಳಿಗೆ ಬನ್ನಿ ಅನ್ನುವುದಷ್ಟೇ ಬಾಕಿ. ಕಂಬಿಗಳು ಎಷ್ಟು ಒತ್ತಾಗಿದ್ದವು ಎಂದರೆ ನಡುವೆ ಕೈ ತೂರಿಸುವುದೂ ಕಷ್ಟ. ಕ್ವಾಲಿಟಿ ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಒಂದು ಉಕ್ಕಿನ ಪ್ಲೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಟೇಪ್ ಇಟ್ಟು ಅಳೆದರು. ಇನ್ನೊಮ್ಮೆ ಅಳೆದರು. "ಸರ್, ನಿನ್ನೆ ಬಂದ ಡ್ರಾಯಿಂಗ್‌ನಲ್ಲಿ ಇದು 40 ಮಿಲಿಮೀಟರ್ ಆಚೆ ಇದೆ" ಎಂದರು. ಆ ರಾತ್ರಿ ಕಾಂಕ್ರೀಟ್ ಬೀಳಲಿಲ್ಲ.

ನಾನು ಪ್ಲಾನಿಂಗ್ ಇಂಜಿನಿಯರ್. ಅಣು ವಿದ್ಯುತ್ ಸ್ಥಾವರ ಕಟ್ಟುವ ಕಡೆ ಯಾವ ಕೆಲಸ ಯಾವಾಗ ಆಗಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. "ಈ ಸ್ಥಾವರಗಳು ಯಾಕೆ ಯಾವಾಗಲೂ ತಡ? ಖರ್ಚು ಯಾಕೆ ಎರಡು ಪಟ್ಟು, ಮೂರು ಪಟ್ಟು?" ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಪ್ಲೇಟ್.

ಬೇರೆ ಕಟ್ಟಡವಾಗಿದ್ದರೆ ಸುಮ್ನೆ ಕಾಂಕ್ರೀಟ್ ಹಾಕಿ, ಆಮೇಲೆ ಡ್ರಿಲ್ ಮಾಡಿ ಬೋಲ್ಟ್ ಕೂರಿಸುತ್ತಿದ್ದೆವು. ಇಲ್ಲಿ ಹಾಗಾಗುವುದಿಲ್ಲ. ಆ ಪ್ಲೇಟಿಗೆ ಒಂದು ಪೈಪಿನ ಆಧಾರ ಬರುತ್ತದೆ. ಭೂಕಂಪ ಆದರೂ ಆ ಪೈಪ್ ಅಲುಗಬಾರದು. ಪ್ಲೇಟ್ ಸರಿಸಬೇಕಾದ ಜಾಗದಲ್ಲಿ ಆಗಲೇ ಮೂರು ಕಂಬಿಗಳಿದ್ದವು. ಅವನ್ನು ನಾವೇ ಕತ್ತರಿಸುವಂತಿಲ್ಲ, ಬಗ್ಗಿಸುವಂತಿಲ್ಲ. ವಿನ್ಯಾಸ ಮಾಡಿದವರು ಮತ್ತೆ ಲೆಕ್ಕ ಹಾಕಬೇಕು, ಬೇರೆಯವರು ಅದನ್ನು ಪರಿಶೀಲಿಸಬೇಕು, ಮಾಲೀಕರ ಕಡೆಯವರು ಒಪ್ಪಬೇಕು. ಕಂಬಿ ಬದಲಿಸಿ ಪ್ಲೇಟ್ ಸರಿಸಿದ್ದು ಅರ್ಧ ದಿನದ ಕೆಲಸ. ಕಾಂಕ್ರೀಟ್ ಬಿದ್ದದ್ದು 19ನೇ ದಿನ. ಆ ಗೋಡೆಯ ಮೇಲೆ ನಿಲ್ಲಬೇಕಾದ ಗೋಡೆ, ಅದರೊಳಗಿನ ಪೈಪು, ಕೇಬಲ್ಲು ಎಲ್ಲವೂ ಅಷ್ಟೇ ದಿನ ಹಿಂದೆ ಬಿದ್ದವು.

ತಪ್ಪು ಇನ್ಸ್‌ಪೆಕ್ಟರದ್ದಲ್ಲ. ಅವರು ಅಳೆಯದೆ ಸಹಿ ಹಾಕಿದ್ದರೆ ನಾನೇ ಅವರ ಮೇಲೆ ದೂರು ಕೊಡುತ್ತಿದ್ದೆ. ತಪ್ಪು ಆಗಿದ್ದು ಅದಕ್ಕೂ ಎರಡು ವರ್ಷ ಮೊದಲು. ವಿನ್ಯಾಸ ಪೂರ್ತಿ ಮುಗಿಯುವ ಮೊದಲೇ ಕೆಲಸ ಶುರು ಮಾಡೋಣ, ಉಳಿದ ಡ್ರಾಯಿಂಗ್‌ಗಳು ಹಿಂದೆಯೇ ಬರುತ್ತವೆ ಎಂದು ತೀರ್ಮಾನಿಸಿದ ದಿನ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಜಾರ್ಜಿಯಾದಲ್ಲಿರುವ ವೋಗ್ಟಲ್ ಸ್ಥಾವರದ 3 ಮತ್ತು 4ನೇ ಘಟಕಗಳನ್ನೇ ನೋಡಿ. 2012ರ ಫೆಬ್ರುವರಿಯಲ್ಲಿ ಲೈಸೆನ್ಸ್ ಸಿಕ್ಕಿತು. ಅದೇ ವರ್ಷ, ಅಡಿಪಾಯದ ಕಂಬಿಗಳು ಲೈಸೆನ್ಸ್‌ನಲ್ಲಿ ಬರೆದ ವಿನ್ಯಾಸದಂತೆ ಇಲ್ಲ ಎಂದು ತಪಾಸಣೆಯಲ್ಲಿ ಗೊತ್ತಾಯಿತು. ಲೈಸೆನ್ಸ್ ತಿದ್ದುಪಡಿ ಆಗಿ ಮೊದಲ ಕಾಂಕ್ರೀಟ್ ಬೀಳುವಾಗ 2013ರ ಮಾರ್ಚ್. 2016-17ಕ್ಕೆ ಕರೆಂಟ್ ಕೊಡಬೇಕಿದ್ದ ಘಟಕಗಳು ಕೊಟ್ಟದ್ದು 2023 ಮತ್ತು 2024ರಲ್ಲಿ. ಸುಮಾರು 1,400 ಕೋಟಿ ಡಾಲರ್ ಎಂದಿದ್ದ ಲೆಕ್ಕ 3,000 ಕೋಟಿ ದಾಟಿತು. ಪಕ್ಕದ ಸೌತ್ ಕ್ಯಾರೊಲಿನಾದಲ್ಲಿ ಇದೇ ಮಾದರಿಯ ಎರಡು ರಿಯಾಕ್ಟರ್‌ಗಳ ಕೆಲಸ 2017ರಲ್ಲಿ ನಿಂತೇ ಹೋಯಿತು. ಅಷ್ಟು ಹೊತ್ತಿಗೆ ಸುಮಾರು 900 ಕೋಟಿ ಡಾಲರ್ ಖರ್ಚಾಗಿತ್ತು.

ಫ್ರಾನ್ಸಿನ ಫ್ಲಾಮಾನ್‌ವಿಲ್ 3 ಘಟಕದ ವೆಲ್ಡಿಂಗ್ ಕಥೆ ಕೇಳಿದರೆ ಈ ಕೆಲಸದ ಕಷ್ಟ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕೆಲಸ ಶುರುವಾಗಿದ್ದು 2007ರಲ್ಲಿ, ಮುಗಿಯಬೇಕಿದ್ದು 2012ಕ್ಕೆ. ರಿಯಾಕ್ಟರ್ ಕಟ್ಟಡದಿಂದ ಟರ್ಬೈನ್ ಕಡೆಗೆ ಹಬೆ ಒಯ್ಯುವ ದೊಡ್ಡ ಪೈಪ್‌ಗಳಿವೆ. ಈ ಪೈಪ್‌ಗಳು ಒಡೆಯುವ ಪ್ರಶ್ನೆಯೇ ಬರಬಾರದು, ಅಷ್ಟು ಗಟ್ಟಿಯಾಗಿ ಮಾಡುತ್ತೇವೆ ಎಂದು ಕಂಪನಿಯೇ ಮಾತು ಕೊಟ್ಟಿತ್ತು. ಆದರೆ ಆ ಮಟ್ಟದ ಗುಣಮಟ್ಟ ಬೇಕು ಎನ್ನುವ ವಿಷಯ ವೆಲ್ಡಿಂಗ್ ಮಾಡುವವರಿಗೆ ಸರಿಯಾಗಿ ಮುಟ್ಟಲೇ ಇಲ್ಲ. ತಪ್ಪು ಪೂರ್ತಿ ಬಯಲಾಗುವ ಹೊತ್ತಿಗೆ ಎಂಟು ಬೆಸುಗೆಗಳು ರಿಯಾಕ್ಟರ್ ಕಟ್ಟಡದ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿದ್ದವು. ಮನುಷ್ಯ ಹೋಗಿ ಕೆಲಸ ಮಾಡುವ ಜಾಗವೇ ಅಲ್ಲ ಅದು. 2019ರಲ್ಲಿ ಅಲ್ಲಿನ ಸುರಕ್ಷತಾ ನಿಯಂತ್ರಕರು, ಚಾಲೂ ಮಾಡುವ ಮೊದಲು ಅವನ್ನು ಸರಿಪಡಿಸಲೇಬೇಕು ಎಂದರು. ಪೈಪಿನ ಒಳಗಿಂದ ಹೋಗಿ ಹಳೆ ಬೆಸುಗೆ ಕೆತ್ತಿ ಹೊಸದು ಹಾಕಲು ರೋಬೋಟ್‌ಗಳನ್ನೇ ತಯಾರು ಮಾಡಬೇಕಾಯಿತು. ಆ ವರ್ಷವೇ ಅಂದಾಜು ಖರ್ಚು 150 ಕೋಟಿ ಯೂರೋ ಏರಿತು. ಘಟಕ ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. ಮೊದಲ ಅಂದಾಜು 330 ಕೋಟಿ ಯೂರೋ ಇತ್ತು. ಕೊನೆಗೆ ಕಂಪನಿ ಹೇಳಿದ್ದು 1,320 ಕೋಟಿ.

ಈ ಕೊನೆಯ ಅಂಕಿಯಲ್ಲೂ ಬಡ್ಡಿ ಸೇರಿಲ್ಲ. ನಮ್ಮಲ್ಲಿ 'ಓವರ್‌ನೈಟ್ ಕಾಸ್ಟ್' ಎಂದು ಒಂದು ಮಾತಿದೆ. ಸ್ಥಾವರವನ್ನು ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಿದರೆ ಎಷ್ಟಾಗುತ್ತದೋ ಅಷ್ಟು, ಅಂದರೆ ಬಡ್ಡಿ ಬಿಟ್ಟು. ಇದು 100 ಎಂದಿಟ್ಟುಕೊಳ್ಳಿ. ಐದು ವರ್ಷ ಸಮನಾಗಿ ಖರ್ಚು ಮಾಡಿ, 8% ಬಡ್ಡಿ ಕಟ್ಟಿದರೆ ಕೊನೆಗೆ ಸುಮಾರು 122 ಆಗುತ್ತದೆ. ಇನ್ನೇನು ಮುಗಿಯಿತು ಅನ್ನುವಾಗ ಒಂದು ಬೆಸುಗೆಗೋ ಒಂದು ಪರೀಕ್ಷೆಗೋ ಐದು ವರ್ಷ ಕಾಯಬೇಕಾಗಿ ಬಂದರೆ ಅದು 179ರ ಹತ್ತಿರ ಹೋಗುತ್ತದೆ. ಒಂದು ಮೂಟೆ ಸಿಮೆಂಟೂ ಜಾಸ್ತಿ ಬಳಸಿಲ್ಲ, ಒಂದು ಯೂನಿಟ್ ಕರೆಂಟೂ ಮಾರಿಲ್ಲ. ಬರೀ ಕಾದದ್ದಕ್ಕೆ ಇಷ್ಟು. ಜೊತೆಗೆ ಕ್ರೇನ್ ಬಾಡಿಗೆ, ಕಾವಲು, ಆಫೀಸು, ಇಂಜಿನಿಯರ್‌ಗಳ ಸಂಬಳ. ಕೆಲಸ ನಿಂತರೂ ಇವು ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ಮೊದಲ ವರ್ಷದ ತಡಕ್ಕಿಂತ ಕೊನೆಯ ವರ್ಷದ ತಡ ತುಂಬಾ ದುಬಾರಿ.

ಸುರಕ್ಷತಾ ನಿಯಮ ಜಾಸ್ತಿ ಆಯಿತು, ಅದಕ್ಕೇ ತಡ ಎನ್ನುವವರು ಬಹಳ ಜನ. ನಿಯಮಗಳು ನಡುವೆ ಬದಲಾಗಿ ತೊಂದರೆ ಕೊಟ್ಟದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕಂಡ ತಡಗಳಲ್ಲಿ ಹೆಚ್ಚಿನವು, ಮೊದಲೇ ಗೊತ್ತಿದ್ದ ನಿಯಮವನ್ನು ಸರಿಯಾಗಿ ಪಾಲಿಸದೆ ಮತ್ತೆ ಮಾಡಬೇಕಾಗಿ ಬಂದವು.

ಬೇಗ ಕಟ್ಟಿದವರೂ ಇದ್ದಾರೆ. ಜಪಾನಿನ ಕಾಶಿವಾಜಾಕಿ-ಕಾರಿವಾದ 6ನೇ ಘಟಕ ತನ್ನ ಮಾದರಿಯಲ್ಲಿ ಜಗತ್ತಿಗೇ ಮೊದಲನೆಯದು. 1992ರ ಕೊನೆಗೆ ಶುರುವಾಗಿ 1996ರ ನವೆಂಬರ್‌ಗೆ ಕರೆಂಟ್ ಮಾರಲು ಸಿದ್ಧವಾಯಿತು. ಅಬುಧಾಬಿಯ ಬರಾಕಾದಲ್ಲಿ ಕೊರಿಯಾದವರು ಒಂದೇ ನಮೂನೆಯ ನಾಲ್ಕು ರಿಯಾಕ್ಟರ್ ಕಟ್ಟಿದರು. ಮೊದಲನೆಯದು ಅಲ್ಲೂ ಮೂರು ವರ್ಷ ತಡವಾಯಿತು. ಆದರೆ 2020ರಿಂದ 2024ರೊಳಗೆ ನಾಲ್ಕೂ ಗ್ರಿಡ್‌ಗೆ ಸೇರಿದವು. ಒಂದರಲ್ಲಿ ಕೈ ಪಳಗಿದ ವೆಲ್ಡರ್, ಕಂಬಿ ಕಟ್ಟುವವರು ಮುಂದಿನದಕ್ಕೆ ಹೋದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದವನು ನಾನು. ಎರಡನೇ ಘಟಕದಲ್ಲಿ ಅವರು ಡ್ರಾಯಿಂಗ್ ನೋಡಿದ ಕೂಡಲೇ "ಇಲ್ಲಿ ಪ್ಲೇಟ್ ಕೂರಲ್ಲ ಸರ್" ಅನ್ನುತ್ತಾರೆ, ಕಂಬಿ ಮುಟ್ಟುವ ಮೊದಲೇ.

ಆ 19 ದಿನದ ಗೋಡೆ ಆದ ಮೇಲೆ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಡ್ರಾಯಿಂಗ್ ಅಂತಿಮ ಎಂದು ಸಹಿ ಬೀಳದೆ ಕಂಬಿ ಕಟ್ಟಲು ತಾರೀಖು ಕೊಡುವುದಿಲ್ಲ. ಮೊದಲ ಕೆಲವು ತಿಂಗಳು ನನ್ನ ಚಾರ್ಟ್‌ನಲ್ಲಿ ಕೆಲಸ ಹಿಂದೆ ಬಿದ್ದಂತೆ ಕಾಣುತ್ತದೆ. "ಜಾಗ ಖಾಲಿ ಬಿದ್ದಿದೆಯಲ್ಲ, ಯಾಕೆ ಶುರು ಮಾಡಿಲ್ಲ?" ಎಂದು ಪ್ರತಿ ಸೋಮವಾರದ ಮೀಟಿಂಗ್‌ನಲ್ಲೂ ಯಾರಾದರೂ ಕೇಳುತ್ತಾರೆ. ನಾನು ಬಾಕಿ ಇರುವ ಡ್ರಾಯಿಂಗ್‌ಗಳ ಪಟ್ಟಿಯನ್ನು ಅವರ ಮುಂದಿಡುತ್ತೇನೆ.