ಅಳದ ಮಗುವಿನ ಎದೆಬಡಿತ

ಹಾಸ್ಟೆಲ್‌ಗಳಲ್ಲಿ ಇಂಥ ಹುಡುಗನನ್ನು ನೀವೂ ನೋಡಿರುತ್ತೀರಿ. ಎರಡು ಸಬ್ಜೆಕ್ಟ್ ಬಾಕಿ, ರಾತ್ರಿ ನಿದ್ದೆ ಇಲ್ಲ, ತಟ್ಟೆಯಲ್ಲಿ ಅನ್ನ ಅರ್ಧ ಉಳಿದಿರುತ್ತದೆ. ಕೇಳಿದರೆ ‘ಏನಿಲ್ಲ, ಆರಾಮಿದ್ದೀನಿ’. ಮುಂದೇನು ಅಂದರೆ ‘ನೋಡೋಣ’. ತೊಂದರೆ ಕೊಡದ ಹುಡುಗ ಅಂತ ವಾರ್ಡನ್‌ಗೂ ನೆಮ್ಮದಿ. ಸುಮ್ಮನಿರುವವರು ಚೆನ್ನಾಗಿದ್ದಾರೆ ಅಂತ ದೊಡ್ಡವರು ಅಂದುಕೊಳ್ಳುವುದು ಬಹಳ ಹಳೆಯ ತಪ್ಪು.

1940ರ ದಶಕದ ಬ್ರಿಟನ್ನಿನಲ್ಲಿ ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ಅಪ್ಪ ಅಮ್ಮ ಜೊತೆಗಿರುವ ಹಾಗಿರಲಿಲ್ಲ. ಎಷ್ಟೋ ಕಡೆ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ನೋಡಿ ಬರಬೇಕಿತ್ತು, ಅಷ್ಟೇ. ಮಗು ಮೊದಲು ಕಿರುಚಿ ಅಳುತ್ತಿತ್ತು, ಆಮೇಲೆ ಮಂಕಾಗುತ್ತಿತ್ತು, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುತ್ತಿತ್ತು. ಅಳು ನಿಂತಿತಲ್ಲ, ಹೊಂದಿಕೊಂಡಿತು ಅಂತ ನರ್ಸ್‌ಗಳು ತಿಳಿಯುತ್ತಿದ್ದರು. ಲಂಡನ್ನಿನ ಟ್ಯಾವಿಸ್ಟಾಕ್ ಅನ್ನುವ ಮನೋಚಿಕಿತ್ಸೆಯ ಕ್ಲಿನಿಕ್‌ನ ಜೇಮ್ಸ್ ರಾಬರ್ಟ್‌ಸನ್ ಇದನ್ನು ಒಪ್ಪಲಿಲ್ಲ. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯ ಮೇಲೆ ಸಾಕ್ಷ್ಯಚಿತ್ರ ತೆಗೆದು 1952ರಲ್ಲಿ ವೈದ್ಯರಿಗೇ ತೋರಿಸಿದರು. ಅವರಲ್ಲಿ ಎಷ್ಟೋ ಜನ ಸಿಟ್ಟಾದರು. ಆದರೂ 1959ರ ಸರ್ಕಾರಿ ವರದಿ, ಹೆತ್ತವರನ್ನು ಒಳಗೆ ಬಿಡಿ ಅಂತಲೇ ಹೇಳಿತು.

ಟ್ಯಾವಿಸ್ಟಾಕ್‌ನಲ್ಲೇ ಕೆಲಸ ಮಾಡುತ್ತಿದ್ದ ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಅಟ್ಯಾಚ್‌ಮೆಂಟ್, ಅಂದರೆ ಮಗು ತನ್ನನ್ನು ನೋಡಿಕೊಳ್ಳುವವರಿಗೆ ಅಂಟಿಕೊಳ್ಳುವ ನಂಟಿನ ಸಿದ್ಧಾಂತವಾಗಿ ಬೆಳೆಸಿದರು. ಕೂಗಿದಾಗ ಯಾರಾದರೂ ಬರುತ್ತಾರಾ, ಇಲ್ವಾ? ಮಗುವಿನ ಮನಸ್ಸಿನಲ್ಲಿ ಇದರ ಬಗ್ಗೆ ಒಂದು ಅಂದಾಜು ಕೂತುಬಿಡುತ್ತದೆ, ಮುಂದೆ ಮೇಷ್ಟ್ರು, ಗೆಳೆಯರು, ನಾಳೆಯ ದಿನ ಎಲ್ಲವನ್ನೂ ಅದು ಅದೇ ಅಂದಾಜಿನ ಮೇಲೆ ಅಳೆಯುತ್ತದೆ.

ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇದನ್ನು ಹತ್ತಿರದಿಂದ ನೋಡಿದರು. ಒಂದು ಕೋಣೆ, ಆಟಿಕೆಗಳು, ಒಂದು ವರ್ಷದ ಮಗು. ಅಮ್ಮ ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಾಳೆ. ಹೆಚ್ಚಿನ ಮಕ್ಕಳು ಅವಳನ್ನು ಹುಡುಕಿಕೊಂಡು ಬಂದು ಬೇಗ ಸಮಾಧಾನವಾಗುತ್ತಿದ್ದವು. ಕೆಲವು ಎತ್ತಿಕೊಂಡರೂ ಅಳು ನಿಲ್ಲಿಸುತ್ತಿರಲಿಲ್ಲ. ಇನ್ನು ಕೆಲವು ಅಳುತ್ತಲೇ ಇರಲಿಲ್ಲ, ಅಮ್ಮ ಬಂದಾಗ ಆಟಿಕೆಯಿಂದ ಕಣ್ಣು ಕೂಡ ಎತ್ತುತ್ತಿರಲಿಲ್ಲ. ಎಷ್ಟು ಗಟ್ಟಿ ಮಗು ಅನ್ನಿಸುತ್ತದೆ, ಅಲ್ವಾ? 1977ರಲ್ಲಿ ಆಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದರು. ಹೊರಗೆ ಶಾಂತ, ಒಳಗೆ ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ನನಗೆ ಆ ಹಾಸ್ಟೆಲ್ ಹುಡುಗ ನೆನಪಾಗುವುದು ಇಲ್ಲೇ. 2005ರಲ್ಲಿ ಡೇವಿಡ್ ವೋಗೆಲ್, ಮೀಫೆನ್ ವೇ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಕಂಡಿದ್ದೂ ಇದನ್ನೇ: ಕೈಬಿಟ್ಟು ಹೋದಾರು ಅನ್ನುವ ಭಯ ಜಾಸ್ತಿ ಇದ್ದವರು ಸಂಕಟ ಒಪ್ಪಿಕೊಂಡು ಸಹಾಯ ಕೇಳಲು ತಯಾರಿದ್ದರು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವರು ಸಂಕಟವನ್ನೇ ಅಲ್ಲಗಳೆದು ಸಹಾಯವನ್ನೂ ಬೇಡ ಅನ್ನುತ್ತಿದ್ದರು. ಇದಕ್ಕೆ ಕೊಬ್ಬು ಅಂತ ಹೆಸರಿಡಬೇಡಿ.

ತಾಯಿಯೊಬ್ಬಳ ಮೇಲೇ ಇಷ್ಟೆಲ್ಲ ಹೊರಿಸಿದ್ದು ತಪ್ಪು ಅನ್ನುವ ಟೀಕೆ ಇದೆ, ನಾನೂ ಒಪ್ಪುತ್ತೇನೆ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರ ಕೈಯಲ್ಲಿ ಬೆಳೆದ ನಮ್ಮ ಮಕ್ಕಳನ್ನು ಆ ಒಂದು ಕೋಣೆಯಿಂದ ಅಳೆಯಲಾಗದು. ಇದು ಹಣೆಬರಹವೂ ಅಲ್ಲ. ಆಮೇಲೆ ಸಿಕ್ಕ ಒಬ್ಬ ಮೇಷ್ಟ್ರು, ಒಬ್ಬ ಗೆಳತಿಯಿಂದಲೂ ಆ ಅಂದಾಜು ಬದಲಾಗುತ್ತದೆ.

2022ರಿಂದ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಆದರೆ ಕೂಗಿದರೆ ಯಾರೂ ಬರುವುದಿಲ್ಲ ಅಂತ ಕಲಿತವನಿಗೆ ಸುಮ್ನೆ ನಂಬರ್ ಕೊಟ್ಟು ಬಂದರೆ ಅವನು ಫೋನ್ ಮಾಡುವುದು ಕಷ್ಟ. ಪಕ್ಕದಲ್ಲಿ ಕೂತು, ಅವನ ಫೋನಿನಲ್ಲೇ ನಂಬರ್ ಒತ್ತಿಸಿ, ಆ ಕಡೆಯಿಂದ ‘ಹಲೋ’ ಕೇಳಿಸುವ ತನಕ ಅಲ್ಲೇ ಇರಿ.